ದಿಬ್ಬಣದ ಬಸ್ಸಿನ ಗಗನಸಖಿ

ನಮ್ಮ ಮನೆಯಲ್ಲಿ ಅಡುಗೆಮನೆಯನ್ನು ಗ್ಯಾಲಿ ಎಂದು ಕರೆದ ಮೊದಲ ಹೆಣ್ಣುಮಗಳು ನಾನು. ಅವ್ವ ಬೆಚ್ಚಿಬೀಳಲಿಲ್ಲ. "ಆತು ಶಿಲ್ಪಾ, ಆ ನಿನ್ನ ಗ್ಯಾಲಿಯಾಗಿರೋ ಪಾತ್ರೆ ತೊಳ್ದಿಟ್ಟು ಆಮೇಲೆ ಹಾರು" ಅಂದಳು.

2006ರ ಮಾತು. ಚಳ್ಳಕೆರೆಯಲ್ಲಿ ಎಣ್ಣೆ ಅಂಗಡಿಯೊಂದರ ಮಹಡಿಯ ಮೇಲೆ ಗಗನಸಖಿಯರ ತರಬೇತಿ ಕೇಂದ್ರ ಶುರುವಾಗಿತ್ತು. ಕೆಳಗೆ ಶೇಂಗಾ ಎಣ್ಣೆಯ ಘಮ, ಮೇಲೆ ನಾವೊಂದಿಷ್ಟು ಹುಡುಗಿಯರು. ವಿಮಾನವನ್ನು ಹತ್ತಿರದಿಂದ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅದರೊಳಗೆ ಯಾವುದಕ್ಕೆ ಏನನ್ನುತ್ತಾರೆ ಎಂಬುದು ಮಾತ್ರ ಬಾಯಿಪಾಠ. ತಿಂಡಿ, ಕಾಫಿ ಸಿದ್ಧಮಾಡುವ ಮೂಲೆ ಗ್ಯಾಲಿ. ಪ್ರಯಾಣಿಕರು ಪ್ಯಾಕ್ಸ್. ಸೀಟುಗಳ ನಡುವಿನ ದಾರಿ ಐಲ್. ನಾವು ಕೂರುವ, ಮಡಚಿ ಬಿಚ್ಚುವ ಸೀಟು ಜಂಪ್ ಸೀಟ್. ಮೋಡದೊಳಗೆ ವಿಮಾನ ಕುಲುಕಾಡಿದರೆ ಟರ್ಬ್ಯುಲೆನ್ಸ್. ಈ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟು ಹುಚ್ಚು ಹಿಡಿದಿತ್ತು.

ಸೋಮವಾರ ಬೆಂಗಳೂರಿನಲ್ಲಿ ವಿಮಾನ ಕಂಪನಿಯೊಂದರ ಸಂದರ್ಶನವಿತ್ತು. ಅಡ್ಡಗಾಲು ಹಾಕಿದ್ದವರು ನಮ್ಮ ದೊಡ್ಡಪ್ಪ ಮುರುಗೇಂದ್ರಪ್ಪ. ಅವರು ಹೂಂ ಅನ್ನದೆ ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಕೂಡ ಬೀಳುವುದಿಲ್ಲ. "ಕಂಡೋರಿಗೆ ತಿಂಡಿ ಕೊಡಾಕೆ ನಮ್ಮನೆ ಹುಡುಗೀನೇ ಬೇಕಾ? ಅದಕ್ಕೊಂದು ಟ್ರೇನಿಂಗ್ ಬೇರೆ!" ಎಂದು ಮೀಸೆ ತಿರುವಿದ್ದರು. ನನ್ನಪ್ಪ ಅಣ್ಣನ ಮುಂದೆ ಬಾಯಿ ಬಿಡುವವನಲ್ಲ. ನಾನು ಅತ್ತೆ, ಊಟ ಬಿಟ್ಟೆ, ಮತ್ತೆ ಹಸಿವು ತಾಳದೆ ತಿಂದೆ. ಏನೂ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಮಗ ಅಮರೇಶಣ್ಣನ ಮದುವೆ ಬಂತು. ಹೆಣ್ಣು ಮೊಳಕಾಲ್ಮೂರಿನದು. ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಿದ್ದರು. ಗಂಡಿನ ಕಡೆಯ ದಿಬ್ಬಣ ಹೇಗಿರುತ್ತದೆಂದು ನಿಮಗೂ ಗೊತ್ತಲ್ಲ? ಮುನಿಸಿಕೊಳ್ಳುವುದು ಅವರ ಹಕ್ಕು. ಕಿಟಕಿ ಸಿಗಲಿಲ್ಲ, ಕರೆಯುವ ಹಾಗೆ ಕರೆಯಲಿಲ್ಲ, ಕಾಫಿಗೆ ಸಕ್ಕರೆ ಕಮ್ಮಿ, ಏನಾದರೊಂದು ಸಿಕ್ಕೇ ಸಿಗುತ್ತದೆ. ಯಾರೂ ಮುನಿಸಿಕೊಳ್ಳದ ದಿಬ್ಬಣ ನಮ್ಮ ಊರಿನಿಂದ ಇನ್ನೂ ಹೊರಟಿಲ್ಲ.

ಬಸ್ಸಿನ ಬಾಗಿಲಲ್ಲಿ ನನ್ನ ಅಜ್ಜಿ ಶಿವಬಸಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಮುರುಗೇಂದ್ರ, ಇವಳು ಅದೇನು ಕಲ್ತಾಳೋ ನೋಡೇಬಿಡಾನ. ಈ ಬಸ್ನಾಗೆ ಒಬ್ರೂ ಮುನಿಸ್ಕಳ್ಳದಂಗೆ ಮೊಳಕಾಲ್ಮೂರು ಮುಟ್ಟಿಸಿದ್ರೆ ಸೋಮವಾರ ಕಳಿಸ್ತೀಯೇನಪ್ಪ?"

ದೊಡ್ಡಪ್ಪ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ನಮ್ಮ ಜನಾನ? ಒಬ್ರೂ ಮುನಿಸ್ಕಳ್ಳದಂಗಾ? ಹಂಗೇನಾರ ಆದ್ರೆ ನಾನೇ ಬೆಂಗಳೂರಿಗೆ ಕರ್ಕಂಡು ಹೋಗ್ತೀನಿ ಕಣವ್ವ."

ಬಸ್ಸಿಗೆ ಬಸ್ಸೇ ಹೋ ಎಂದಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹಿಂದಿನ ಸೀಟಿನ ಬುಟ್ಟಿಗಳು ನನ್ನ ಗ್ಯಾಲಿ, ಡ್ರೈವರ್ ಹನುಮಣ್ಣನ ಪಕ್ಕದ ಎಂಜಿನ್ ಡಬ್ಬ ನನ್ನ ಜಂಪ್ ಸೀಟ್. ಎಂಜಿನ್ ಕಾದು ಕುಂಡೆ ಸುಡುತ್ತಿತ್ತು, ಆದರೂ ನಗುತ್ತಲೇ ಕುಳಿತೆ. ಗಗನಸಖಿ ನಗಲೇಬೇಕು.

ಊರು ದಾಟುತ್ತಲೇ ಐಲ್‌ನಲ್ಲಿ ನಿಂತು ಎರಡೂ ಕೈ ಚಾಚಿ, "ಅಪಘಾತವಾದಾಗ ಹೊರಗೆ ಹೋಗುವ ಬಾಗಿಲು..." ಎಂದು ಶುರು ಮಾಡಿದೆ. ಮುಂದಿನ ಸೀಟಿನ ಸೂರಮ್ಮಜ್ಜಿ ಕೆಂಡವಾದಳು. "ಶುಭಕ್ಕೆ ಹೊಂಟಾಗ ಎಂಥಾ ಮಾತಾಡ್ತೀಯೇ! ಬಿಡ್ತು ಅನ್ನು!" ನಾನು ತಕ್ಷಣ ಬಿಡ್ತು ಬಿಡ್ತು ಎಂದು ಕೆನ್ನೆ ಕೆನ್ನೆ ಬಡಿದುಕೊಂಡು, ಮುಡಿದಿದ್ದ ಕನಕಾಂಬರವನ್ನೇ ಕಿತ್ತು ಆಕೆಯ ತುರುಬಿಗೆ ಸಿಕ್ಕಿಸಿದೆ. ಸೂರಮ್ಮಜ್ಜಿ ಕರಗಿ ನೀರಾದಳು. ಮೊದಲ ಗಂಡಾಂತರ ಕಳೆಯಿತು.

ತಳಕು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. "ಟರ್ಬ್ಯುಲೆನ್ಸ್! ಎಲ್ಲರೂ ಸೀಟು ಹಿಡ್ಕಳ್ಳಿ!" ಎಂದು ಕೂಗಿದೆ. ಒಂದೊಂದು ಗುಂಡಿಗೂ ಇಡೀ ಬಸ್ಸು "ಟರ್ಬ್ಯುಲೆನ್ಸೂ..." ಎಂದು ರಾಗ ಎಳೆಯತೊಡಗಿತು. ಹನುಮಣ್ಣನಿಗೂ ಹುರುಪು ಬಂದು, ತಪ್ಪಿಸಬಹುದಾದ ಗುಂಡಿಗೂ ಬಸ್ಸು ಇಳಿಸಿದ. ಬೈಯುವ ಬದಲು ಜನ ನಕ್ಕರು. ಬೆಂಗಳೂರು ಕಣ್ಣೆದುರಿಗೇ ಬಂದ ಹಾಗಿತ್ತು.

ಆಮೇಲೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಲು ಹೊರಟೆ. ತರಬೇತಿ ಕೇಂದ್ರದ ಐಶ್ವರ್ಯ ಮಿಸ್ ಕಲಿಸಿದ್ದ ನಿಯಮ ಇಷ್ಟೇ: ಒಮ್ಮೆ ಕೇಳಬೇಕು, ಬೇಡ ಎಂದರೆ ಮುಗುಳ್ನಕ್ಕು ಮುಂದೆ ಹೋಗಬೇಕು, ಪೀಡಿಸಬಾರದು.

"ಮಂಡಕ್ಕಿ ತಗಂತೀರಾ ದೊಡ್ಡಪ್ಪ?"

"ಬ್ಯಾಡ ಬ್ಯಾಡ."

"ಥ್ಯಾಂಕ್ಯೂ" ಎಂದು ಮುಗುಳ್ನಕ್ಕು ಮುಂದಿನ ಸೀಟಿಗೆ ಹೋದೆ.

ನಾನೆಂಥ ಪೆದ್ದಿ! ನಮ್ಮ ಕಡೆ ಮೊದಲನೆಯ ಬೇಡ ಬರೀ ಮರ್ಯಾದೆಗೆ. ಎರಡನೆಯದು ಬಿಗುಮಾನಕ್ಕೆ. ಮೂರನೆಯ ಸಲ ಕೈ ಹಿಡಿದು ಬಡಿಸಿದ ಮೇಲೆ, "ಏಟೊಂದು ಹಾಕ್ದೆ ಮಾರಾಯ್ತಿ" ಎನ್ನುತ್ತ ತಿನ್ನುವುದು. ಮದುಮಗನ ಅಪ್ಪನನ್ನು ಒಂದೇ ಮಾತಿಗೆ ಬಿಟ್ಟುಹೋಗುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಬಸ್ಸಿನ ತುಂಬ ಕುರುಕುರು ಸದ್ದು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ದೊಡ್ಡಪ್ಪನ ಮುಖ ಮಾತ್ರ ಊದುತ್ತ ಹೋಯಿತು.

ಬಿ.ಜಿ. ಕೆರೆಯ ಹತ್ತಿರ "ನಿಲ್ಸಲೇ ಹನುಮಣ್ಣ" ಎಂದು ಗುಡುಗಿದವರೇ ಇಳಿದುಹೋಗಿ, ಹುಣಸೆಮರದ ಕೆಳಗೆ ಬಸ್ಸಿಗೆ ಬೆನ್ನು ಹಾಕಿ ಕುಳಿತುಬಿಟ್ಟರು. ಅಪ್ಪ ಹೋಗಿ ಕೈ ಮುಗಿದ. ಅಮರೇಶಣ್ಣ ಬಾಸಿಂಗ ಕಟ್ಟುವ ಮೊದಲೇ ಬೆವರಿ ಹೋಗಿದ್ದ. ಹೆಣ್ಣಿನ ಕಡೆಯವನೊಬ್ಬ ಆ ದಾರಿಯಲ್ಲೇ ಬೈಕಿನಲ್ಲಿ ಬಂದವನು, ಬೀಗರು ಮರದ ಕೆಳಗಿರುವುದನ್ನು ಕಂಡು, ಕೇಳುವ ಧೈರ್ಯವಾಗದೆ ಮೊಳಕಾಲ್ಮೂರಿನ ಕಡೆ ಹಾರಿಹೋದ. ಕೇಳಿದವರಿಗೆಲ್ಲ ದೊಡ್ಡಪ್ಪನ ಉತ್ತರ ಒಂದೇ: "ನಾನ್ಯಾರಪ್ಪ? ನನ್ನ ಯಾಕೆ ಕೇಳ್ತೀರಾ? ಹೋಗ್ರಿ, ಹೋಗ್ರಿ."

ಪಂದ್ಯ ಸೋತಿದ್ದಾಯಿತು. ಸೋತರೆ ಸೋತೆ, ಮದುವೆಯಾದರೂ ನಡೆಯಲಿ ಎಂದು ಮಂಡಕ್ಕಿ ಬುಟ್ಟಿ ಹೊತ್ತು ಇಳಿದೆ. ಸಿಟ್ಟಾದ ಪ್ರಯಾಣಿಕರ ಎದುರು ಮಂಡಿಯೂರಿ ಅವರ ಕಣ್ಣಿಗೆ ಕಣ್ಣು ಕೂಡಿಸಬೇಕು, ಬೇಕೋ ಬೇಡವೋ ಎಂದು ಕೇಳಬಾರದು, ಎರಡರಲ್ಲಿ ಯಾವುದು ಎಂದು ಕೇಳಬೇಕು. ಇದೂ ಮಿಸ್ ಹೇಳಿಕೊಟ್ಟಿದ್ದೇ. ಮಂಡಿಯೂರಿದೆ.

"ದೊಡ್ಡಪ್ಪ, ಮೆಣಸಿನಕಾಯಿ ಒಂದಾ, ಎರಡಾ?"

"ಎರಡು" ಎಂಬುದು ಅವರ ಬಾಯಿಂದ ತಾನಾಗಿ ಜಾರಿತು. ಜಾರಿದ್ದನ್ನು ವಾಪಸ್ ತೆಗೆದುಕೊಳ್ಳುವಷ್ಟರಲ್ಲಿ ನಾನು ಪೊಟ್ಟಣಕ್ಕೆ ಮೂರು ಹಾಕಿ, ಮೇಲೆ ಮಂಡಕ್ಕಿ ಸುರಿದಿದ್ದೆ. ಅವರು ಬ್ಯಾಡ ಅಂದರು, ಹಾಕಿದೆ. ಸಾಕು ಅಂದರು, ಹಾಕಿದೆ. ತಿನ್ನತೊಡಗಿದರು. ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬಾಣ ಬಿಟ್ಟೆ. "ಕಿಟಕಿ ಪಕ್ಕ ಕುಂತ್ಕಂತೀರಾ, ಈ ಕಡೆ ಕುಂತ್ಕಂತೀರಾ?"

"ಕಿಟಕಿ" ಎಂದು ಎದ್ದರು. ಬಸ್ಸಿನೊಳಗೆ ಸಿಳ್ಳೆ ಬಿತ್ತು.

ಮೊಳಕಾಲ್ಮೂರಿನ ಬಾಗಿಲಲ್ಲಿ ಓಲಗ ಊದಿಸಿಕೊಂಡು ಹೆಣ್ಣಿನ ಕಡೆಯವರು ಕಾದಿದ್ದರು. ಬೈಕಿನವನ ಸುದ್ದಿ ಮೊದಲೇ ಮುಟ್ಟಿ, ಹೆಣ್ಣಿನ ತಂದೆಯ ಮುಖ ಬಿಳಿಚಿಕೊಂಡಿತ್ತು. ಅವರು ಕೈ ಜೋಡಿಸಿ ಓಡಿಬಂದರು. "ಬೀಗರೇ, ನಮ್ಮಿಂದ ಏನಾರ ತಪ್ಪಾತಾ? ದಾರಿಯಾಗೆ ಮುನಿಸ್ಕಂಡು ಕುಂತಿದ್ರಂತೆ?"

ಮಂಡಕ್ಕಿಗೆ ಒತ್ತಾಯ ಮಾಡಲಿಲ್ಲ ಎಂದು ಮುನಿಸಿಕೊಂಡೆ ಅಂತ ಹೊಸ ಬೀಗರೆದುರು, ಓಲಗದವರೆದುರು ಹೇಳುವುದುಂಟೆ? ದೊಡ್ಡಪ್ಪ ಎದೆ ಸೆಟೆಸಿ ನಿಂತರು.

"ಮುನಿಸಾ? ನನಗಾ? ಯಾರ್ರೀ ಅಂದೋರು? ಕಾಲು ಜೋಮು ಹಿಡ್ದಿತ್ತು, ಇಳ್ದು ಕುಂತಿದ್ದೆ ಅಷ್ಟೇ!"

ಅಜ್ಜಿ ಹಿಂದಿನಿಂದ ಕೇಳಿದಳು, "ಸರ್ಯಾಗಿ ಕೇಳಿಸ್ಲಿಲ್ಲಪ್ಪ. ಬಸ್ನಾಗೆ ಯಾರಾರ ಮುನಿಸ್ಕಂಡ್ರಾ?"

"ಒಬ್ರೂ ಇಲ್ಲ ಕಣವ್ವ!" ಎಂದು ದೊಡ್ಡಪ್ಪ ಓಲಗವನ್ನೂ ಮೀರಿಸಿ ಕೂಗಿದರು. ಕೂಗಿದ ಮೇಲೆ ಅವರಿಗೆ ಪಂದ್ಯದ ನೆನಪಾಯಿತು. ಸುತ್ತಲಿದ್ದ ದಿಬ್ಬಣವೆಲ್ಲ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ. "ಸೋಮವಾರ ಮುಂಜಾನೆ ಬೇಗ ರೆಡಿಯಾಗು" ಎಂದು ನನ್ನ ತಲೆಗೊಂದು ಮೊಟಕಿದರು.

ನಾನು ಕುಣಿದ ಕುಣಿತಕ್ಕೆ ಓಲಗದವರೂ ಬೆರಗಾದರು. ಕುಣಿದು ಸುಸ್ತಾಗಿ ಅಜ್ಜಿಯನ್ನು ತಬ್ಬಿ, ಅವಳ ಕಿವಿಯಲ್ಲಿ ಕೇಳಿದೆ. "ಅಜ್ಜಿ, ದೊಡ್ಡಪ್ಪ ಹೌದು ಮುನಿಸ್ಕಂಡೆ ಅಂದಿದ್ರೆ ನನ್ನ ಗತಿ ಏನಾಗ್ತಿತ್ತು?"

"ಅವನಾ? ಹೆತ್ತೋಳು ನಾನು ಕಣೇ" ಎಂದಳು ಅಜ್ಜಿ. "ಹುಟ್ಟಿದಾಗ್ಲಿಂದ ದಿನಾ ಮುನಿಸ್ಕಂತಾನೆ. ಒಂದು ದಿನಾನೂ ಒಪ್ಕಂಡಿಲ್ಲ. ಅದನ್ನ ನಂಬ್ಕಂಡೇ ನಿನ್ನ ಮ್ಯಾಲೆ ಪಂದ್ಯ ಕಟ್ಟಿದ್ದು."