ಅಂಚೆಯಮ್ಮ ನೀರು ಕುಡಿದದ್ದು

ಮೂವತ್ತನಾಲ್ಕು ವರ್ಷ ಮನೆಮನೆಗೆ ಕಾಗದ ಹಂಚಿದವಳಿಗೆ ನಡಿಗೆ ಹೊಸದೇನಲ್ಲ. ಆದರೆ ಅಂಚೆಯಮ್ಮ ಅಷ್ಟು ವರ್ಷವೂ ನಡೆದದ್ದು ಗಾಣದೆತ್ತಿನ ಹಾಗೆ. ಬೆಳಿಗ್ಗೆ ಕಚೇರಿಯಿಂದ ಹೊರಟು, ಹನ್ನೆರಡು ಬೀದಿ ಸುತ್ತಿ, ಮಧ್ಯಾಹ್ನ ಮತ್ತೆ ಅದೇ ಬಾಗಿಲಿಗೆ. ನಿವೃತ್ತಳಾದ ತಿಂಗಳು ನಾದಿನಿಯ ಹತ್ತಿರ ಮನಸ್ಸು ಬಿಚ್ಚಿದಳು.

"ಒಂದೇ ಒಂದು ಸಲ ವಾಪಸು ಬರದ ಹಾಗೆ ನಡೀಬೇಕು ಕಣೇ."

"ಬಿಡ್ತು ಅನ್ನಿ ಅತ್ತಿಗೆ! ವಾಪಸು ಬರದ ಹಾಗೆ ಹೋಗೋದು ಒಂದೇ ಊರಿಗೆ. ಅಲ್ಲಿಗೆ ನಡ್ಕೊಂಡು ಯಾರೂ ಹೋಗಲ್ಲ, ಹೊತ್ಕೊಂಡು ಹೋಗ್ತಾರೆ."

"ಥೂ ನಿನ್ನ. ನೇರ ನಡೀತಾ ಹೋಗ್ಬೇಕು ಅಂದೆ, ನೆಲ ಮುಗಿಯೋವರೆಗೂ."

ಹೀಗೆ ಹೊರಟರು ಇಬ್ಬರೂ. ಬೆಟ್ಟದ ಬುಡದಿಂದ ಕಡಲತೀರದ ದೀಪಸ್ತಂಭದವರೆಗೆ ಮುನ್ನೂರು ಕಿಲೋಮೀಟರಿನ ಕಾಲುದಾರಿ, ಇಪ್ಪತ್ತು ದಿನದ ಲೆಕ್ಕ. ನಾದಿನಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಜನ್ಮವಿಡೀ ಕೂಗಿ ಕೂಗಿ ಅವಳ ಪಿಸುಮಾತೂ ಎರಡು ಹೊಲದಾಚೆ ಕೇಳಿಸುತ್ತಿತ್ತು. ದಾರಿಯಲ್ಲಿ ನಲ್ಲಿ ಕಂಡರೆ ನಿಂತಳು, ಚಹಾದಂಗಡಿ ಕಂಡರೆ ಕೂತಳು, ಪೊದೆ ಕಂಡರೆ ಮರೆಯಾದಳು. ಅಂಚೆಯಮ್ಮ ಮಾತ್ರ ಬೆನ್ನಿಗೆ ಚೀಲ ಏರಿಸಿದರೆ ಸಂಜೆಗೇ ಇಳಿಸುವುದು. "ನಿನ್ನದು ಶಟಲ್ ಬಸ್ಸು, ನನ್ನದು ಎಕ್ಸ್‌ಪ್ರೆಸ್ಸು," ಎಂದು ಹೆಮ್ಮೆಪಡುತ್ತಿದ್ದಳು.

ಹನ್ನೊಂದನೇ ದಿನ ಎಕ್ಸ್‌ಪ್ರೆಸ್ಸು ಕೆಟ್ಟು ನಿಂತಿತು. ಬೆಳಿಗ್ಗೆಯೇ ಸೊಂಟದಲ್ಲಿ ಹಿಡಿದಂಥ ನೋವು, ಹೊತ್ತೇರಿದಂತೆ ಚಳಿ, ತಲೆಸುತ್ತು. ನಾದಿನಿ ಎರಡೂ ಚೀಲ ಹೊತ್ತುಕೊಂಡು, ಅತ್ತಿಗೆಯನ್ನು ತೋಳಿಗೆ ಒರಗಿಸಿಕೊಂಡು ಮುಂದಿನ ಪೇಟೆಯ ತಂಗುದಾಣ ಸೇರಿಸಿದಳು. ಎರಡು ಕಬ್ಬಿಣದ ಮಂಚ, ಒಂದು ಕುರ್ಚಿ, ಕಿಟಕಿಯಾಚೆ ಸೈಕಲ್ ರಿಪೇರಿ ಅಂಗಡಿ. ಎರಡು ಕಂಬಳಿ ಹೊದ್ದರೂ ಅಂಚೆಯಮ್ಮನ ನಡುಕ ನಿಲ್ಲಲಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಬೈದಳು, ಮತ್ತೆ ಅತ್ತಳು.

"ಅರವತ್ತೆರಡನೇ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾಮ್ಮ?"

ಫೋನು ಇಟ್ಟ ಮೇಲೆ ಅಂಚೆಯಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. "ಅವಳು ಹೇಳೋದೂ ಸರೀನೇ. ಮೈಯಲ್ಲಿ ಕಸುವಿಲ್ಲ. ನಾಳೆ ಬಸ್ಸು ನೋಡು," ಎಂದಳು. ನಾದಿನಿ ಬಸ್ಸು ನೋಡಲಿಲ್ಲ, ದವಾಖಾನೆ ಎಲ್ಲಿ ಎಂದು ಕಿಟಕಿಯಿಂದಲೇ ಸೈಕಲ್ ಅಂಗಡಿಯವನನ್ನು ಕೂಗಿ ಕೇಳಿದಳು.

ಪೇಟೆಯ ದವಾಖಾನೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಕಣ್ಣು ಮಾತ್ರ ಚುರುಕು. ಪರೀಕ್ಷೆಯೆಲ್ಲ ಮುಗಿಸಿ ಕೇಳಿದಳು.

"ನಡೆಯುವಾಗ ಎಷ್ಟು ನೀರು ಕುಡೀತೀರಿ?"

"ಕುಡೀತೀನಿ. ಸಂಜೆ, ಕೆಲಸ ಮುಗಿದ ಮೇಲೆ."

"ಹಗಲು?"

"ಹಗಲು ಯಾಕೆ?"

ನಾದಿನಿ ಕುರ್ಚಿಯಿಂದ ಎದ್ದೇಬಿಟ್ಟಳು. "ಮತ್ತೆ ಹನ್ನೊಂದು ದಿನದಿಂದ ಆ ಎರಡು ಲೀಟರ್ ಬಾಟಲಿ ಹೊತ್ಕೊಂಡು ಬರ್ತಿರೋದು ಯಾತಕ್ಕೆ ಅತ್ತಿಗೆ?"

"ನಿನ್ನದು ಖಾಲಿಯಾದಾಗ ಕೊಡೋಕೆ."

"ಅಯ್ಯೋ ದೇವರೇ! ಇವರು ನನ್ನ ಜೊತೆ ನಡೀತಿಲ್ಲ ಡಾಕ್ಟ್ರೇ, ನನಗೆ ನೀರು ಬಟವಾಡೆ ಮಾಡ್ತಿದ್ದಾರೆ!"

ಆಗ ಹೊರಬಿತ್ತು ಸಂಗತಿ. ಬೀದಿ ಬೀದಿ ಕಾಗದ ಹಂಚುವ ಹೆಂಗಸಿಗೆ ನಡುವೆ ಅವಸರವಾದರೆ ಎಲ್ಲಿಗೆ ಹೋಗುವುದು? ಯಾರ ಮನೆ ಬಾಗಿಲು ತಟ್ಟಿ ಕೇಳುವುದು? ಹಾಗಾಗಿ ಕಚೇರಿಯ ಹೆಂಗಸರಲ್ಲಿ ಒಂದು ನೇಮ. ಚೀಲ ಖಾಲಿಯಾಗುವವರೆಗೆ ತೊಟ್ಟು ನೀರೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯವಳೊಬ್ಬಳು ಹೇಳಿಕೊಟ್ಟಿದ್ದಳು, ಆಮೇಲೆ ಅಂಚೆಯಮ್ಮ ಆರು ಹುಡುಗಿಯರಿಗೆ ಹೇಳಿಕೊಟ್ಟಳು. ನೌಕರಿ ಬಿಟ್ಟರೂ ನೇಮ ಬಿಟ್ಟಿರಲಿಲ್ಲ. ಬೆನ್ನಿಗೆ ಚೀಲ ಬಿತ್ತೆಂದರೆ ಗಂಟಲು ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು.

"ಅದು ಬೆಳಗಿನ ಹೊತ್ತು, ನಾಲ್ಕೇ ತಾಸಿನ ಕೆಲಸ. ಇದು ದಿನಕ್ಕೆ ಎಂಟು ಗಂಟೆ, ಬಿಸಿಲಲ್ಲಿ," ಎಂದಳು ಡಾಕ್ಟರಮ್ಮ. "ಮೂತ್ರದ ಸೋಂಕಾಗಿದೆ. ಐದು ದಿನ ಮಾತ್ರೆ, ಮೂರು ದಿನ ವಿಶ್ರಾಂತಿ. ನಿಮ್ಮ ಕಾಲು, ಎದೆ ಎಲ್ಲಾ ಗಟ್ಟಿಯಾಗಿದೆ. ಜ್ವರ ಬಿಟ್ಟ ಮೇಲೆ ನಡೀಬಹುದು. ಆದ್ರೆ ಆಗಾಗ ಕುಡೀಬೇಕು, ಬಂದಾಗ ಹೋಗ್ಬೇಕು. ಅದಾಗಲ್ಲ ಅಂದ್ರೆ ಬಸ್ಸೇ ಸರಿ."

ಎರಡನೇ ದಿನಕ್ಕೆ ಜ್ವರ ಇಳಿಯಿತು, ಅಳುಕು ಇಳಿಯಲಿಲ್ಲ. ಮುಂದಿನ ದಾರಿಯನ್ನು ನಕ್ಷೆಯಲ್ಲಿ ನೋಡಿದ್ದಳು. ಮೂರು ದಿನ ಬರೀ ಹುಲ್ಲುಗಾವಲು, ಮರವಿಲ್ಲ, ಮನೆಯಿಲ್ಲ.

"ಬಯಲಲ್ಲಿ ಕೂರೋದಾ? ನಾನಾ? ಪ್ರಾಣ ಹೋದರೂ ಆಗಲ್ಲ."

"ಪ್ರಾಣ ಹೋಗೋದ್ರಲ್ಲೇ ಇತ್ತಲ್ಲ," ಎಂದಳು ನಾದಿನಿ. "ನಾನು ಅರವತ್ತು ಜನ ತುಂಬಿದ ಬಸ್ಸು ನಿಲ್ಲಿಸಿ, ಎಲ್ಲರೂ ನೋಡ್ತಿದ್ದ ಹಾಗೇ ಇಳಿದು ಹೋಗ್ತಿದ್ದೆ. ಮೊದಲನೇ ವಾರ ನಾಚಿಕೆ ಆಯ್ತು. ಆಮೇಲೆ ಅವರಿಗೇ ನಾಚಿಕೆ ಆಯ್ತು. ಒಂದು ಮಧ್ಯಾಹ್ನದವರೆಗೆ ನಡೆದು ನೋಡಿ ಅತ್ತಿಗೆ. ಆಗಲಿಲ್ವಾ, ಹಿಂದಕ್ಕೆ ಬಂದು ಬಸ್ಸು ಹತ್ತೋಣ. ಒಂದು ಮಾತೂ ಆಡಲ್ಲ."

"ನೀನು? ಮಾತಾಡದೇ?"

ಅದನ್ನು ಕಣ್ಣಾರೆ ನೋಡಬೇಕೆಂದೇ ಅಂಚೆಯಮ್ಮ ಒಪ್ಪಿದಳೇನೋ.

ನಾಲ್ಕನೇ ದಿನ ಬೆಳಿಗ್ಗೆ ಹೊರಟರು. ನಾದಿನಿ ಗಡಿಯಾರ ನೋಡಿ ಗಂಟೆಗೆರಡು ಸಲ ಬಾಟಲಿ ಚಾಚಿದಳು. ಅಂಚೆಯಮ್ಮ ಕಷಾಯ ಕುಡಿಯುವ ಮಗುವಿನ ಮುಖ ಮಾಡಿ ಕುಡಿದಳು. ಹತ್ತೂವರೆಗೆ, ಅಂಗೈಯಷ್ಟು ನೆರಳೂ ಇಲ್ಲದ ಬಯಲಿನ ನಟ್ಟನಡುವೆ, ಬರಬೇಕಾದ್ದು ಬಂತು.

"ಇವಳೇ..." ಎಂದಳು ಸಣ್ಣಗೆ.

ನಾದಿನಿ ಕೊಡೆ ಬಿಚ್ಚಿ ಅಡ್ಡ ಹಿಡಿದು ಬೆನ್ನು ತಿರುಗಿಸಿ ನಿಂತಳು. ಅಂಚೆಯಮ್ಮ ಕೂತಳೋ ಇಲ್ಲವೋ, ದಿಬ್ಬದ ಮೇಲೆ ಇಬ್ಬರು ನಡಿಗೆಯವರು ಕಾಣಿಸಿಕೊಂಡರು, ವಯಸ್ಸಾದ ಗಂಡ ಹೆಂಡತಿ. ನೇರ ಇತ್ತಲೇ ಬರುತ್ತಿದ್ದರು.

"ಯಾರೋ ಬಂದ್ರು, ಏಳ್ತೀನಿ!"

"ಏಳ್ಬೇಡಿ!" ಎಂದವಳೇ ನಾದಿನಿ ಮೂವತ್ತು ವರ್ಷದ ಗಂಟಲನ್ನು ಬಯಲಿಗೆ ಬಿಟ್ಟಳು. "ಹೋಲ್ಡಾನ್! ಹೋಲ್ಡಾನ್! ಇಳಿಯೋರಿದ್ದಾರೆ, ತಡೀರೀ! ಹತ್ತೋರು ಆ ಕಡೆ ತಿರುಗಿ ನಿಂತ್ಕೊಳ್ಳಿ!"

ಗಂಡ ಹೆಂಡತಿ ಇಬ್ಬರೂ ಗಕ್ಕನೆ ನಿಂತು, ಕವಾಯತಿನವರ ಹಾಗೆ ಹಿಂದಕ್ಕೆ ತಿರುಗಿದರು. ಕೊಡೆಯ ಹಿಂದಿನಿಂದ ಮೊದಲು ಒಂದು ಕಿಸಕ್ಕು ಕೇಳಿಸಿತು, ಆಮೇಲೆ ನಗು. ತಡೆಯಲಾರದ, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಎಷ್ಟೋ ವರ್ಷ ಬಿಗಿಹಿಡಿದದ್ದೆಲ್ಲ ಒಟ್ಟಿಗೇ ಸಡಿಲವಾದ ಹಾಗಿತ್ತು.

ಬಟ್ಟೆ ಸರಿಮಾಡಿಕೊಂಡು ಎದ್ದಾಗಲೂ ಅವಳ ಕಣ್ಣಲ್ಲಿ ನೀರು. ಆ ಇಬ್ಬರು ಹತ್ತಿರ ಬಂದರು. ಗಂಡ ಆಕಾಶ ನೋಡುತ್ತ ಮುಂದೆ ನಡೆದ. ಹೆಂಡತಿ ಮಾತ್ರ ಹಿಂದೆ ಉಳಿದು, ತಗ್ಗಿದ ದನಿಯಲ್ಲಿ ಕೇಳಿದಳು.

"ಅಕ್ಕಾ, ಆ ಕೊಡೆ ನನಗೂ ಒಂದು ಗಳಿಗೆ ಹಿಡೀತೀರಾ? ಬೆಳಿಗ್ಗೆಯಿಂದ ತಡ್ಕೊಂಡಿದ್ದೀನಿ."

ನಾದಿನಿಯ ಕೈಯಿಂದ ಕೊಡೆಯನ್ನು ಅಂಚೆಯಮ್ಮನೇ ಕಿತ್ತುಕೊಂಡಳು. "ಬಾಮ್ಮ, ಆರಾಮಾಗಿ ಕೂತ್ಕೋ. ಯಾರು ಬಂದರೂ ನಾನಿದ್ದೀನಿ. ಆಮೇಲೆ ನೀರು ಕುಡಿದೇ ಹೊರಡಬೇಕು, ಗೊತ್ತಾಯ್ತಾ?" ಎಂದಳು, ಹುಟ್ಟಿದಾಗಿನಿಂದ ಇದೇ ಕಸುಬು ಮಾಡಿದವಳ ಹಾಗೆ.

ಮಧ್ಯಾಹ್ನ ಬಂತು, ಹೋಯಿತು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಅಂಚೆಯಮ್ಮ ಬಯಲನ್ನು ದಾಟಿದಳು, ಮರಳುಗುಡ್ಡ ದಾಟಿದಳು. ಇಪ್ಪತ್ತು ದಿನದ ದಾರಿಗೆ ಇಪ್ಪತ್ತೈದು ಹಿಡಿಯಿತು. ಕೊನೆಯ ದಿನ ಇಳಿಹೊತ್ತಿಗೆ ದೀಪಸ್ತಂಭದ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಳು. ಸುಣ್ಣ ಕೈಗೆ ಹತ್ತಿತು. ಮುಂದೆ ಹೆಜ್ಜೆಯಿಡಲು ನೆಲವಿರಲಿಲ್ಲ, ಬರೀ ಕಡಲು.

ಅಷ್ಟರಲ್ಲಿ ಮಗಳ ಫೋನು.

"ಅಮ್ಮಾ, ಎಲ್ಲಿದ್ದೀಯಾ? ಹೇಗಿದ್ದೀಯಾ? ನಿಜ ಹೇಳು."

"ನಿಜ ಹೇಳ್ಲಾ? ಕಲ್ಲು ತಿಂದು ಕರಗಿಸೋ ಅಷ್ಟು ಹಸಿವಾಗ್ತಿದೆ. ಊಟ ಮಾಡಿ ಮಾತಾಡ್ತೀನಿ. ಈಗ ಫೋನಿಡು."