ಗುಂಡಿ ಬಿಟ್ಟವರು

ಬಹರೈನಿನಲ್ಲಿ ಮುತ್ತು ತೆಗೆದವರಿದ್ದಾರೆ, ಎಣ್ಣೆ ತೆಗೆದವರಿದ್ದಾರೆ. ಆದರೆ ಜೂನ್ ಜುಲೈ ಉರಿಯಲ್ಲಿ, ಉಮ್ ಅಲ್ ಹಸ್ಸಮಿನ ಹಳೇ ಕಟ್ಟಡವೊಂದರ ಐದನೇ ಮಹಡಿಯಲ್ಲಿ, ಗೋಡೆಗೆ ಎರಡೆರಡು ಎಸಿ ಜಡಿದುಕೊಂಡು ಎರಡನ್ನೂ ಹಾಕದೆ ನಲವತ್ತು ದಿನ ಕೂತವನು ಆ ದ್ವೀಪ ಸಮುದ್ರದಿಂದ ಮೇಲೆದ್ದಂದಿನಿಂದ ಒಬ್ಬನೇ. ಹೆಸರು ಜಯಂತ್. ಕಸುಬು ಎಸಿ ರಿಪೇರಿ.

ಈ ಮಹಾಪುರುಷನನ್ನು ಹದಿನಾಲ್ಕು ವರ್ಷದ ಹಿಂದೆ, ಉಡುಪಿಯ ಚರ್ಚಿನಲ್ಲಿ ಐನೂರು ಜನರೆದುರು, ಯಾರೂ ಕುತ್ತಿಗೆ ಹಿಡಿಯದೆ ತಾನಾಗಿಯೇ ಒಪ್ಪಿಕೊಂಡವಳು ನಿಶ್ಮಿತಾ. ಈಗ ಅವಳು ಅದನ್ನು ನೆನೆದುಕೊಂಡು ಒದ್ದೆ ಟವಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದಳು. ಟವಲು ಸುತ್ತಿ ಮುಗಿಯುವುದರೊಳಗೆ ಒಣಗಿ ಹಪ್ಪಳವಾಗುತ್ತಿತ್ತು. ಮೇಣದಬತ್ತಿಗಳು ಹಚ್ಚುವ ಮೊದಲೇ ನಡು ಬಗ್ಗಿಸಿ ಶರಣಾಗುತ್ತಿದ್ದವು. ಹಲ್ಲಿಗಳು ಸಂಸಾರ ಸಮೇತ ಗುಳೆ ಎದ್ದು ನೆಲಮಹಡಿಯ ಮೈಮೂನಳ ಮನೆ ಸೇರಿದ್ದವು. ಮಗಳು ತೃಷಾ ಶಾಲೆಯ ರಜೆಗೆ ಉಡುಪಿಯ ಅಜ್ಜಿಮನೆಗೆ ಹೋಗಿದ್ದಳು. ಆ ಸಂಸಾರದಲ್ಲಿ ಬುದ್ಧಿ ಇದ್ದದ್ದು ಹಲ್ಲಿಗಳಿಗೂ ಹನ್ನೊಂದು ವರ್ಷದ ಆ ಹುಡುಗಿಗೂ ಮಾತ್ರ.

ಇದಕ್ಕೆಲ್ಲ ಮೂಲ ಬ್ರದರ್ ಆದಂ. ತಾಪತ್ರಯ ಯಾವುದೇ ಇರಲಿ, ಆದಿಯಲ್ಲಿ ಒಬ್ಬ ಆದಂ ಇರಲೇಬೇಕಲ್ಲ. ಅಜ್ಜನ ಕಾಲಕ್ಕೆ ಮಂಗಳೂರಿನವರು, ಇವನು ಹುಟ್ಟಿ ಬೆಳೆದದ್ದು ಬೆಂಗಳೂರು. ಹಮದ್ ಟೌನಿನಲ್ಲಿ ದೊಡ್ಡ ವಿಲ್ಲಾ, ಆಫೀಸಿನಲ್ಲಿ ದೊಡ್ಡ ಕುರ್ಚಿ, ಆ ಕುರ್ಚಿಯಲ್ಲಿ ಹಿಡಿಸದಷ್ಟು ದೊಡ್ಡ ಮೈ. ಕಳೆದ ವರ್ಷ ಅಮೆರಿಕದ ತಂಗಿಯ ಮನೆಗೆ ಹೋದವನು ಟೂರಿಸ್ಟ್ ಬಸ್ಸು ಹತ್ತಿ ಆಮಿಶ್ ಎಂಬ ಜನರ ಹಳ್ಳಿ ನೋಡಿ ಬಂದ. ದೇವರಿಗಾಗಿ ಕಾರು ಬಿಟ್ಟು ಕುದುರೆಗಾಡಿ ಹಿಡಿದವರು, ಆಡಂಬರವೆಂಬುದನ್ನು ಹೊಸ್ತಿಲೊಳಗೆ ಬಿಡದವರು, ಒಲ್ಲೆವೆಂದರೆ ಒಲ್ಲೆವೆನ್ನುವ ಗಟ್ಟಿ ಕುಳಗಳು ಅವರು. ಬಸ್ಸು ಅಲ್ಲಿ ನಿಂತದ್ದು ಎರಡು ತಾಸು. ಅದರಲ್ಲಿ ಒಂದು ತಾಸು ಊಟಕ್ಕೆ ಹೋಯಿತು. ಉಳಿದ ಒಂದು ತಾಸಿನಲ್ಲಿ ಆದಮನಿಗೆ ಜ್ಞಾನೋದಯವಾಗಿ, ಹುಲ್ಲಿನ ಟೋಪಿ ಒಂದು, ಜಾಮಿನ ಬಾಟಲಿ ಎರಡು, ಇಂಗ್ಲಿಷಿನ ಪುಟ್ಟ ಪುಸ್ತಿಕೆ ಒಂದು ಕೊಂಡು ತಂದ. ಬಂದವನೇ ಮೀಸೆ ಬೋಳಿಸಿ ಗಡ್ಡ ಬಿಟ್ಟು ‘ಸಾದಾ ಕೂಟ’ ಎಂಬ ಪ್ರಾರ್ಥನೆಯ ಗುಂಪು ಕಟ್ಟಿದ. ಪುಸ್ತಿಕೆಯ ಹನ್ನೆರಡು ಕಟ್ಟಳೆಗಳನ್ನು ತಾನೇ ಕನ್ನಡಕ್ಕೆ ಇಳಿಸಿ, ಹಾಳೆ ಮಾಡಿ ಹಂಚಿದ. ಕಾರು ಬಿಡುವ ಕಟ್ಟಳೆಯನ್ನು ಮಾತ್ರ, ಬಹರೈನಿನ ಡಾಮರಿಗೆ ಕುದುರೆಯ ಗೊರಸು ಒಗ್ಗುವುದಿಲ್ಲ ಎಂಬ ದಯೆಯಿಂದ, ಇಳಿಸಲಿಲ್ಲ.

ಜಯಂತನ ಕೈಗೆ ಹಾಳೆ ಬಂದದ್ದು ಜೂನಿನಲ್ಲಿ. ಹಿಂದಿನ ವರ್ಷ ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತಾಗ ಅಕ್ಕಿ ಕಳಿಸಿದವರು, ಮೊಣಕಾಲೂರಿ ಅವನಿಗಾಗಿ ಬೇಡಿದವರು ಇದೇ ಕೂಟದವರು. ಹಾಗಾಗಿ ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. ಏಳನೆಯ ಕಟ್ಟಳೆ ಹೀಗಿತ್ತು: ‘ಗುಂಡಿಯೇ ಅಹಂಕಾರದ ಬೀಜ. ಸಾದಾ ಮನುಷ್ಯನು ಗುಂಡಿಯ ಗೊಡವೆಗೆ ಹೋಗನು.’

ಅಂದಿನಿಂದ ಆ ಮನೆಯಲ್ಲಿ ಯಾವ ಗುಂಡಿಯನ್ನೂ ಯಾರೂ ಒತ್ತುವಂತಿರಲಿಲ್ಲ. ದೀಪದ್ದು, ಫ್ಯಾನಿನದ್ದು, ಮಿಕ್ಸಿಯದ್ದು, ಬಟ್ಟೆ ಒಗೆಯುವ ಯಂತ್ರದ್ದು, ಕಡೆಗೆ ಲಿಫ್ಟಿನದ್ದೂ. ಐದು ಮಹಡಿಯನ್ನು ಜಯಂತ್ ದಿನಕ್ಕೆರಡು ಸಲ ಹತ್ತಿ ಇಳಿದ. ಗ್ಯಾಸಿನ ಒಲೆಗೆ ಪರವಾನಗಿ ಸಿಕ್ಕಿತು, ಏಕೆಂದರೆ ಅದನ್ನು ತಿರುಗಿಸುವುದು, ಒತ್ತುವುದಲ್ಲ. ಫ್ರಿಜ್ಜಿಗೂ ಸಿಕ್ಕಿತು, ಅದು ತಾನಾಗಿ ನಡೆಯುವ ಪ್ರಾಣಿ. ಕೆಲಸದಲ್ಲಿ ಒತ್ತುವ ಗುಂಡಿಗಳ ಪಾಪ ಆಯಾ ಮನೆಯ ಯಜಮಾನನಿಗೆ. ಅವನ ಫೋನು ಮನೆಗೆ ಬಾರದೆ ಕಂಪನಿಯ ವ್ಯಾನಿನಲ್ಲೇ ಮಲಗುತ್ತಿತ್ತು. ಸುಪ್ರೀಂ ಕೋರ್ಟಿನ ವಕೀಲರೆಲ್ಲ ಒಟ್ಟು ಕೂತರೂ ಇಷ್ಟು ನುಣುಪಾಗಿ ಬಗೆಹರಿಸಲಾರರು.

ನಿಶ್ಮಿತಾ ಸುಮ್ಮನೆ ಕೂತವಳಲ್ಲ. ಮೂರನೆಯ ದಿನವೇ ಎಸಿಯ ಗುಂಡಿ ಒತ್ತಿದಳು. ಜಯಂತ್ ಎದ್ದು, ಚಾಪೆ ಸುರುಳಿ ಸುತ್ತಿ, ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಬದಿಗೆ ಮಲಗಿದ. ಅವಳು ತಣ್ಣನೆಯ ಕೋಣೆಯಲ್ಲಿ ಅರ್ಧ ತಾಸು ಹೊರಳಾಡಿ, ಎಸಿ ಆರಿಸಿ, ತಾರಸಿಯ ಬಾಗಿಲಿಗೆ ಬಂದು ಅವನನ್ನು ಕರೆದಳು. ಜಗಳ ಆಡುವ ಗಂಡನನ್ನು ಹೇಗಾದರೂ ಸುಧಾರಿಸಬಹುದು. ಮಾತಾಡದೆ ಚಾಪೆ ಸುತ್ತುವವನನ್ನು ಏನು ಮಾಡುವುದು?

ಹಗಲೆಲ್ಲ ಅವಳು ಮೈಮೂನಳ ಮನೆಯ ಸೋಫಾದಲ್ಲಿ ಹೆಣದ ಹಾಗೆ ಬಿದ್ದಿರುತ್ತಿದ್ದಳು. ಮೈಮೂನ ಉಳ್ಳಾಲದವಳು. ನಾಲಿಗೆಯಲ್ಲಿ ಮೀನಿನ ಮುಳ್ಳಿದ್ದವಳು.

“ನಿನ್ನ ಗಂಡ ನಮ್ಮ ಮನೆಯ ಎಸಿ ಸರಿ ಮಾಡ್ಲಿಕ್ಕೆ ಬರ್ತಾನಾ, ಇಲ್ಲ ಅದಕ್ಕೂ ದೀಕ್ಷೆ ಕೊಡ್ತಾನಾ?”

“ಮೈಮೂನಕ್ಕ, ಸುಮ್ಮನಿರಿ. ನಗ್ಲಿಕ್ಕೂ ಬೆವರು ಬರ್ತದೆ ನಂಗೆ.”

“ಅಲ್ಲ, ನಾವೂ ಉಪವಾಸ ಹಿಡಿಯುದುಂಟು. ಸಂಜೆ ಆದ್ರೆ ಬಿಡ್ತೇವೆ. ಇವನದ್ದು ಸಂಜೆಯೇ ಆಗುದಿಲ್ಲ ಅಲ್ವಾ?”

ಅವತ್ತು ನಿಶ್ಮಿತಾ ತನ್ನ ಪೆಟ್ಟಿಗೆ ಕಟ್ಟಿ ಮೈಮೂನಳ ಮನೆಯಲ್ಲಿಟ್ಟಳು. ಸಂಜೆ ಗಂಡನೆದುರು ನಿಂತು ಹೇಳಿದಳು: “ನೋಡಿ, ಈ ಶುಕ್ರವಾರ ನಿಮಗೆ ರಜೆ ಉಂಟಲ್ವಾ. ಕೂಟಕ್ಕೆ ನಾನೂ ಬರ್ತೇನೆ. ಆದಂ ಬ್ರದರಿನ ಹತ್ತಿರ ಕೇಳುವ. ಬಂದ ಮೇಲೆ ಈ ಮನೆಯಲ್ಲಿ ಎಸಿ ಹಾಕ್ಬೇಕು. ಇಲ್ಲದಿದ್ರೆ ನಾನು ಉಡುಪಿಗೆ. ತೃಷಾನನ್ನೂ ಅಲ್ಲೇ ಶಾಲೆಗೆ ಹಾಕ್ತೇನೆ. ಮತ್ತೆ ನೀವು ಗುಂಡಿ ಒತ್ತಿದ್ರೂ ನಾನು ಬರುದಿಲ್ಲ.”

ಜಯಂತನ ಕುತ್ತಿಗೆಯ ತುಂಬ ಬೆವರುಗುಳ್ಳೆಗಳು ಕೆಂಡದ ಹಾಗೆ ಎದ್ದಿದ್ದವು. ಅವುಗಳನ್ನು ಕೆರೆಯುತ್ತ ಅವನೆಂದ, “ಕೇಳುವ ಮಾರಾಯ್ತಿ. ಅವರು ಹೇಳಿದ್ರೆ ಆಯ್ತು.”

ಕಟ್ಟಳೆ ಬಂದ ಮೇಲೆ ಅವನು ಕೂಟಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಕೂಟ ಸೇರುವುದು ರಜೆಯ ಶುಕ್ರವಾರ, ಬೇಸಗೆಯಲ್ಲಿ ಎಸಿ ಮೆಕ್ಯಾನಿಕ್ಕಿಗೆ ಶುಕ್ರವಾರ ಎಂಬ ವಾರವೇ ಇಲ್ಲ. ಹೋಗಿದ್ದರೆ ಈ ಕತೆ ಒಂದೇ ವಾರದಲ್ಲಿ ಮುಗಿಯುತ್ತಿತ್ತು.

ಹಮದ್ ಟೌನಿನ ರೌಂಡಬೌಟುಗಳನ್ನು ಎಣಿಸುತ್ತ ಹೋದರೆ ಪಕ್ಕನೆ ಕಾಣುವಂಥ ವಿಲ್ಲಾ ಅದು, ಏಕೆಂದರೆ ಸಾದಾತನವನ್ನು ಸಾರಲು ಗೇಟಿಗೆ ಗಾಡಿಯ ಚಕ್ರವೊಂದನ್ನು ಕಟ್ಟಿ ಬಣ್ಣ ಹೊಡೆಸಲಾಗಿತ್ತು. ಆದಮನ ಹೆಂಡತಿ ವೆಂಡಿ ತಲೆಗೆ ಬಿಳಿ ಟೊಪ್ಪಿಗೆ ಕಟ್ಟಿಕೊಂಡು ಬಾಗಿಲು ತೆರೆದಳು. ಒಳಗಿಂದ ತಣ್ಣನೆಯ ಗಾಳಿ ಬಂದು ನಿಶ್ಮಿತಾಳ ಕೆನ್ನೆ ಸವರಿತು. ಅವಳಿಗೆ ಅಳು ಬಂತು. ಸತ್ತು ಸ್ವರ್ಗಕ್ಕೆ ಹೋದವರಿಗೂ ಅಷ್ಟು ಹಿತವಾಗಿರಲಿಕ್ಕಿಲ್ಲ.

ಒಳಗೆ ಇಪ್ಪತ್ತು ಮಂದಿ ಗಂಡಸರು ಹೆಂಗಸರು ಸಾಲಾಗಿ ಕೂತಿದ್ದರು. ಗೋಡೆಯ ಎಸಿಯಲ್ಲಿ ಹದಿನೆಂಟು ಎಂಬ ಅಂಕಿ ಹಸಿರಾಗಿ ಬೆಳಗುತ್ತಿತ್ತು. ಗಂಡಸರ ಅಂಗಿಗಳೆಲ್ಲ ವಿಚಿತ್ರವಾಗಿದ್ದವು. ಒಬ್ಬನ ಎದೆಯಲ್ಲಿ ಕೊಕ್ಕೆಗಳು, ಇನ್ನೊಬ್ಬನದರಲ್ಲಿ ಸಾಲಾಗಿ ಸೇಫ್ಟಿ ಪಿನ್ನುಗಳು. ಆದಮನ ಹೊಟ್ಟೆಯ ಮೇಲಂತೂ ಕೊಕ್ಕೆ ಕೊಕ್ಕೆಯ ನಡುವೆ ಕಿಟಕಿಗಳೇ ತೆರೆದುಕೊಂಡಿದ್ದವು. ಟೀ ಶರ್ಟಿನಲ್ಲಿದ್ದವನು ಜಯಂತ್ ಒಬ್ಬನೇ. ಅವನು ಎಸಿಯನ್ನು ನೋಡುತ್ತ ಬಾಗಿಲಲ್ಲೇ ನಿಂತ.

“ಬನ್ನಿ, ಬ್ರದರ್ ಜಯಂತ್. ಯಾಕೆ ಹೀಗೆ ಸುಟ್ಟುಹೋಗಿದ್ದೀರ?”

“ಬ್ರದರ್, ಎಸಿ ಹಾಕಿದ್ದೀರಿ?”

“ಹಾಕ್ದೇ ಇರೋಕಾಗುತ್ತಾ? ಔಟ್‌ಸೈಡ್ ನಲವತ್ತೇಳು ಡಿಗ್ರಿ ಇದೆ.”

“ಅಲ್ಲ, ಏಳನೇ ಕಟ್ಟಳೆ. ಗುಂಡಿ ಒತ್ತುದು ಅಹಂಕಾರ ಅಂತ.”

ಆದಂ ಕಣ್ಣು ಕಿರಿದು ಮಾಡಿ, ಎದೆಯ ಕೊಕ್ಕೆಗಳ ಮೇಲೆ ಕೈಯಾಡಿಸಿದ. “ಒತ್ತೋದು ಅಂತ ಎಲ್ಲಿದೆ? ಅಂಗಿ ಗುಂಡಿ ಸ್ವಾಮಿ. ಬಟನ್. ಆಮಿಶ್ ಜನ ಬಟನ್ ಹಾಕಲ್ಲ. ಫ್ಯಾಷನ್, ಪ್ರೈಡ್, ಅದಕ್ಕೆ.”

ನಿಶ್ಮಿತಾ ಗಂಡನ ಮುಖ ನೋಡಿದಳು. ನಲವತ್ತು ದಿನ ಬೆಂದದ್ದೆಲ್ಲ ಆ ಮುಖದಲ್ಲಿ ಒಮ್ಮೆಗೇ ಕಂಡಿತು.

“ಅಂಗಿಯದ್ದಾದ್ರೆ ಗುಬ್ಬಿ ಅಂತ ಬರೀಬೇಕಲ್ವಾ ಬ್ರದರ್,” ಎಂದ ಅವನು, ಬಹಳ ಮೆಲ್ಲಗೆ. “ನಮ್ಮಲ್ಲಿ ಅಂಗಿಗೆ ಇರುದು ಗುಬ್ಬಿ. ಗುಂಡಿ ಅಂದ್ರೆ ಕರೆಂಟಿದ್ದು.”

“ಗುಬ್ಬಿ ಅಂದ್ರೆ ಹಕ್ಕಿ ಅಲ್ವೇನ್ರಿ?”

ಮೊದಲು ನಕ್ಕವಳು ವೆಂಡಿ. ಆಮೇಲೆ ಪಿನ್ನಿನ ಅಂಗಿಯವನು. ಆಮೇಲೆ ಕೊಕ್ಕೆಗಳೆಲ್ಲ ಕಿತ್ತುಹೋಗುವ ಹಾಗೆ ಇಡೀ ಸಾದಾ ಕೂಟ ನಕ್ಕಿತು. ಜಯಂತ್ ನಲವತ್ತು ದಿನ ಎಸಿ ಇಲ್ಲದೆ ಇದ್ದದ್ದು, ಲಿಫ್ಟು ಬಿಟ್ಟದ್ದು, ಒಂದೊಂದೇ ಹೊರಬಂದ ಹಾಗೆಲ್ಲ ನಗು ಇಮ್ಮಡಿಯಾಗಿ ಪಕ್ಕದ ಮೂರು ವಿಲ್ಲಾಗಳ ಗಾಜು ಅದುರಿದವು.

ನಗು ಮುಗಿದ ಮೇಲೆ ಆದಮನಿಗೆ ತಾನು ಗುರುವೆಂಬುದು ನೆನಪಾಯಿತು. “ಬ್ರದರ್, ನಗೋ ವಿಷಯ ಅಲ್ಲ. ಕೂಟದ ಕಟ್ಟಳೆಗೆ ನೀವೇ ಒಂದು ಅರ್ಥ ಹಚ್ಚಿದಿರಿ. ಅದೂ ಅಹಂಕಾರವೇ. ಆಮಿಶರಲ್ಲಿ ತಪ್ಪು ಮಾಡಿದವರು ಎಲ್ಲರ ಮುಂದೆ ಮೊಣಕಾಲೂರಿ ಒಪ್ಪಿಕೋಬೇಕು. ಇಲ್ಲದಿದ್ರೆ ಅವರ ಜೊತೆ ಯಾರೂ ಊಟಕ್ಕೆ ಕೂರಲ್ಲ. ನೀವು ಒಪ್ಕೊಳ್ಳಿ, ಮನೆಗೆ ಹೋಗಿ ಎಸಿ ಹಾಕ್ಕೊಳ್ಳಿ. ಅಷ್ಟೇ.”

ವೆಂಡಿ ನಿಶ್ಮಿತಾಳ ಕಿವಿಗೆ ಬಾಗಿದಳು. “ಇನ್ನೇನು ನಿಶ್ಮಿತಾ, ನಿಂಗೆ ಎಸಿ ಬಂತಲ್ಲ.”

ಬಂತು, ಹೌದು. ಒಂದು ಮೊಣಕಾಲಿನ ದೂರದಲ್ಲಿತ್ತು. ಗಂಡ ನೆಲಕ್ಕೆ ಕೂತು ತಪ್ಪಾಯಿತು ಎಂದರೆ ಸಾಕು. ಪೆಟ್ಟಿಗೆ ಬಿಚ್ಚಬಹುದು, ಮಗಳು ವಾಪಸು ಬರಬಹುದು, ಮನೆ ಮನೆಯಾಗಬಹುದು. ಜಯಂತ್ ಆಗಲೇ ಬಗ್ಗಿದ್ದ. ಬಗ್ಗಿದ ಕುತ್ತಿಗೆಯ ಗುಳ್ಳೆಗಳು ಇಪ್ಪತ್ತು ಜನರಿಗೂ ಕಾಣುತ್ತಿದ್ದವು. ಪಿನ್ನಿನ ಅಂಗಿಯವನು ಅವನ್ನು ಬೆರಳಿಂದ ತೋರಿಸಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಪಕ್ಕದವನು ಕೆಮ್ಮಿದ ಹಾಗೆ ಮಾಡಿ ನಕ್ಕ.

ನಿಶ್ಮಿತಾಳಿಗೆ ನೆತ್ತಿಗೇರಿತು. ನಲವತ್ತು ದಿನದಿಂದ ಈ ಮನುಷ್ಯನನ್ನು ಬೈಯುವ ಗುತ್ತಿಗೆ ಅವಳದ್ದಾಗಿತ್ತು. ಕಷ್ಟಪಟ್ಟು ಬೆವರಿ ಗಳಿಸಿದ ಹಕ್ಕು. ತಣ್ಣಗೆ ಕೂತು ನಗುವವರಿಗೆ ಅದರಲ್ಲಿ ಪಾಲು ಕೊಟ್ಟವರು ಯಾರು?

“ಏಳಿ,” ಎಂದಳು.

“ನಿಶ್ಮಿತಾ, ಸುಮ್ಮನಿರು. ಮುಗಿದು ಹೋಗ್ಲಿ.”

“ಏಳಿ ಅಂದೆ.” ಅವಳು ಟೀಪಾಯಿಯ ಮೇಲಿದ್ದ ರಿಮೋಟು ತೆಗೆದು ಎಸಿ ಆರಿಸಿ, ಅದನ್ನು ತನ್ನ ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಆದಂ ಬ್ರದರ್, ಇವರಿಗೆ ಕನ್ನಡ ತಪ್ಪಿರಬಹುದು. ಆದ್ರೆ ತಪ್ಪು ಅರ್ಥವನ್ನಾದ್ರೂ ಪೂರ್ತಿ ಮಾಡಿದ್ರು. ನೀವು ಇವತ್ತಿನ ಪ್ರಾರ್ಥನೆ ಒಂದು ಎಸಿ ಇಲ್ಲದೆ ಈ ಸೆಕೆಯಲ್ಲಿ ಮಾಡಿ ಮುಗಿಸಿ. ಯಾವಾಗಿನಷ್ಟೇ ಉದ್ದ. ಆಮೇಲೆ ಇವರೂ ಮೊಣಕಾಲೂರ್ತಾರೆ, ನಾನೂ ಊರ್ತೇನೆ.”

ಆದಮನ ಪ್ರಾರ್ಥನೆ ಬಹರೈನಿನಲ್ಲಿ ಹೆಸರಾದದ್ದು. ಒಂದೂವರೆ ತಾಸಿಗೆ ಕಡಿಮೆ ಇಲ್ಲ. ಒಂದೊಂದು ದೇಶಕ್ಕಾಗಿಯೂ ಬೇರೆ ಬೇರೆ ಬೇಡಿ, ಸಣ್ಣ ದ್ವೀಪಗಳನ್ನೂ ಬಿಡುವವನಲ್ಲ. ಅವತ್ತು ಇಪ್ಪತ್ತು ಜನರೆದುರು ಇಲ್ಲ ಎನ್ನಲಾರದೆ ಅವನು ಕಣ್ಣು ಮುಚ್ಚಿ ಶುರು ಮಾಡಿದ. ಮೂರನೆಯ ನಿಮಿಷಕ್ಕೆ ಕೊಕ್ಕೆಗಳ ಎಡೆಯಿಂದ ಝರಿಗಳು ಇಳಿದವು. ಐದನೆಯದಕ್ಕೆ ವೆಂಡಿ ಟೊಪ್ಪಿಗೆ ಬಿಚ್ಚಿ ಬೀಸಿಕೊಂಡಳು. ಏಳನೆಯದಕ್ಕೆ ಪಿನ್ನಿನವನು ಅಂಗಿಯ ಪಿನ್ನುಗಳನ್ನೆಲ್ಲ ತೆಗೆದು ಎದೆ ತೆರೆದು ಕೂತ. ಏಷ್ಯಾ ಖಂಡವನ್ನು ಅರ್ಧಕ್ಕೇ ಬಿಟ್ಟು, ಯುರೋಪು ಆಫ್ರಿಕಾಗಳನ್ನು ಒಂದೇ ಉಸಿರಿನಲ್ಲಿ ದೇವರ ಕೈಗೆ ಒಪ್ಪಿಸಿ, ಹತ್ತನೆಯ ನಿಮಿಷದೊಳಗೆ ಆದಂ ಆಮೆನ್ ಅಂದ. ಅಂದವನೇ ಕೈ ಚಾಚಿದ. “ಸಿಸ್ಟರ್, ರಿಮೋಟ್.”

ನಿಶ್ಮಿತಾ ಕೊಟ್ಟಳು. ಮೊಣಕಾಲೂರುವ ಮಾತನ್ನು ಯಾರೂ ಎತ್ತಲಿಲ್ಲ. ಜಯಂತ್ ನೆಟ್ಟಗೆ ನಿಂತಿದ್ದ. ಆ ಕೋಣೆಯಲ್ಲಿ ಹಣೆಯಲ್ಲಿ ಒಂದು ಹನಿಯೂ ಇಲ್ಲದವನು ಅವನೊಬ್ಬನೇ. ಬೆವರುವುದು ಅವನಲ್ಲಿ ಮುಗಿದುಹೋಗಿತ್ತು. ಬಾಗಿಲಲ್ಲಿ ತಿರುಗಿ ಹೇಳಿದ, “ಬ್ರದರ್, ನಿಮ್ಮ ಎಸಿಯಲ್ಲಿ ಗ್ಯಾಸ್ ಕಡಿಮೆ ಉಂಟು. ಹದಿನೆಂಟು ಅಂತ ತೋರಿಸುದು ಮಾತ್ರ, ಇಪ್ಪತ್ತೈದು ಬರುದು. ಯಾರನ್ನಾದ್ರೂ ಕರೆಸಿ.”

ಕಂಪನಿಯ ವ್ಯಾನು ನಾಲ್ಕನೆಯ ರೌಂಡಬೌಟು ದಾಟುವಾಗ ಜಯಂತ್ ಹೇಳಿದ:

“ನಾನು ಪ್ರಾರ್ಥನೆ ಬಿಡುದಿಲ್ಲ ಮಾರಾಯ್ತಿ.”

“ಬಿಡಿ ಅಂತ ಯಾರು ಹೇಳಿದ್ದು? ಕನ್ನಡ ಬರುವವರ ಹತ್ತಿರ ಮಾಡಿ.”

ಅವನು ಗೇರು ಬದಲಿಸಿದ. “ಉಡುಪಿಗೆ ಹೋಗ್ತಿಯಾ?”

“ಮೈಮೂನಕ್ಕನ ಮನೆಯಲ್ಲಿ ನನ್ನ ಪೆಟ್ಟಿಗೆ ಉಂಟು. ಭಾರ ಉಂಟು. ಮೇಲೆ ತಂದು ಹಾಕಿ.”

“ತರ್ತೇನೆ.”

“ಐದು ಮಹಡಿ.”

“ಲಿಫ್ಟಿನಲ್ಲಿ ಮಾರಾಯ್ತಿ.”

ಮನೆಗೆ ಬಂದು ಪೆಟ್ಟಿಗೆ ಇಳಿಸಿ, ಜಯಂತ್ ಗೋಡೆಯ ಗುಂಡಿ ಒತ್ತಿದ. ಎಸಿ ಒಮ್ಮೆ ನರಳಿ ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದ. ನರಳಲೂ ಇಲ್ಲ. ಎರಡನೆಯದು ಅದಕ್ಕಿಂತಲೂ ದೊಡ್ಡ ಸಂನ್ಯಾಸಿ. ಇಡೀ ದ್ವೀಪದ ಎಸಿಗಳನ್ನು ಎಬ್ಬಿಸಿ ಕೂರಿಸುವ ಗಂಡಸು ಸ್ವಂತ ಮನೆಯ ಎಸಿಯೆದುರು ಏಣಿ ಹಾಕಿ, ಮುಚ್ಚಳ ಬಿಚ್ಚಿದ. ನಲವತ್ತು ದಿನದ ಧೂಳು ಅವನ ತಲೆಯ ಮೇಲೆ ಬಿತ್ತು. ನಿಶ್ಮಿತಾ ಏಣಿ ಹಿಡಿದು ಕೆಳಗೆ ನಿಂತಳು.

“ಸ್ಕ್ರೂಡ್ರೈವರ್ ಕೊಡು. ಅದಲ್ಲ, ನಕ್ಷತ್ರದ ಮೂತಿಯದ್ದು.”

“ಇದಾ?”

“ಅದು ಚಪ್ಪಟೆ ಮೂತಿ.”

“ಚಪ್ಪಟೆಯಾದದ್ದು ನಿಮ್ಮ ಮೂತಿ. ಸರಿ ಹೇಳಿ, ಯಾವುದು?”

“ಕೆಂಪು ಹಿಡಿಯದ್ದು ಮಾರಾಯ್ತಿ. ಮತ್ತೆ ಏಣಿ ಗಟ್ಟಿ ಹಿಡ್ಕೊ, ಅಲ್ಲಾಡ್ತದೆ.”

“ಅಲ್ಲಾಡುದು ಏಣಿ ಅಲ್ಲ, ನೀವು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇಳಿಯಿರಿ, ಗಂಜಿ ಉಂಟು ಫ್ರಿಜ್ಜಿನಲ್ಲಿ. ಉಂಡು ಹತ್ತುವ.”