ಪಾಸಾದ್ರೂ ಬಿಡದ ಮೇಷ್ಟ್ರು

ನನ್ನ ಮಗಳು ಕಾಂತ ನಾಲ್ಕನೇ ಕ್ಲಾಸು ಪಾಸಾದ್ಲು ಅಂತ ಮೇಷ್ಟ್ರೇ ಊರೆಲ್ಲ ಹೇಳ್ಕಂಡು ಬಂದ್ರು. ಆದ್ರೆ ಟಿ.ಸಿ. ಮಾತ್ರ ಕೊಡ್ಲಿಲ್ಲ. ಅದಿಲ್ದೆ ಅಜ್ಜಂಪುರದ ಮಿಡ್ಲ್ ಸ್ಕೂಲಲ್ಲಿ ಸೇರಿಸ್ಕಳಲ್ಲ. ಕೇಳಿದಾಗೆಲ್ಲ, "ಇನ್ನೂ ಸಣ್ಣೋಳು ಹಾಲಮ್ಮ, ಇನ್ನೊಂದು ವರ್ಷ ಇಲ್ಲೇ ಇರ್ಲಿ, ತಳಪಾಯ ಗಟ್ಟಿಯಾಗ್ಲಿ" ಅಂತಿದ್ರು.

ಇವತ್ತು ಈರುಳ್ಳಿ ಹೊಲದ ಕಳೆ ಬಿಟ್ಟು ಸ್ಕೂಲಿಗೇ ಹೋದೆ. ನಾಲ್ಕು ಕ್ಲಾಸಿಗೂ ಅವರೊಬ್ರೇ ಮೇಷ್ಟ್ರು. ಬಾಗಿಲಲ್ಲಿ ಕುರ್ಚಿ ಹಾಕ್ಕಂಡು ಪೇಪರ್ ಓದ್ತಿದ್ರು. ಒಳಗೆ ಕಾಂತ ಕೋಲು ಹಿಡ್ಕಂಡು ಒಂದನೇ ಕ್ಲಾಸಿನ ಮಕ್ಕಳಿಗೆ ಕಾಗುಣಿತ ಹೇಳ್ಕೊಡ್ತಿದ್ಲು. ಮಧ್ಯೆ ಮಧ್ಯೆ ಮೂರನೇ ಕ್ಲಾಸಿನವರ ಸ್ಲೇಟಲ್ಲಿ ಲೆಕ್ಕ ತಿದ್ತಿದ್ಲು.

"ಹೋದ ವರ್ಷ ಇವಳಿಗೆ ನೀವೇನ್ ಕಲಿಸಿದ್ರಿ ಮೇಷ್ಟ್ರೇ?" ಅಂದೆ.

"ಅವಳಿಗೇನು ಕಲಿಸೋದಮ್ಮ? ಹೇಳೋಕೆ ಮುಂಚೆನೇ ಅವಳಿಗೆ ಬಂದ್ಬಿಡುತ್ತೆ" ಅಂತ ನಕ್ರು.

ಮೈಯೆಲ್ಲ ಉರಿದೋಯ್ತು. "ದಡ್ಡ ಮಕ್ಳನ್ನ ಫೇಲ್ ಮಾಡಿ ಉಳಿಸ್ಕಳದು ಕೇಳಿದ್ದೆ. ಜಾಣೆ ಅಂತ ಉಳಿಸ್ಕಳದು ಇಲ್ಲೇ ನೋಡಿದ್ದು! ಚೆನ್ನಾಗಿ ಉಳೋ ಎತ್ತು ಅಂತ ಮೇವು ಹಾಕ್ದೆ ದುಡಿಸ್ತಾರೇನ್ರೀ?"

ಕಾಂತನ ರಟ್ಟೆ ಹಿಡ್ದು, "ನಡಿಯೇ, ಅಜ್ಜಂಪುರಕ್ಕೆ ಹೋಗಿ ಅಲ್ಲಿ ಹೆಡ್ಮಾಸ್ಟ್ರನ್ನೇ ಕೇಳಾನ" ಅಂದೆ. ಅವಳು ಅಲ್ಲಾಡ್ಲಿಲ್ಲ.

"ನಾನು ಹೋದ್ರೆ ಇವರಿಗೆಲ್ಲ ಪಾಠ ಯಾರು ಹೇಳ್ತಾರವ್ವಾ?"

ಮೇಷ್ಟ್ರು ಪೇಪರ್ ಮಡಚಿ ಬೇರೆ ಕಡೆ ನೋಡಿದ್ರು.

"ಮೇಷ್ಟ್ರೇ," ಅಂದೆ, "ಮಗು ಪ್ರಶ್ನೆ ಕೇಳ್ತಾ ಐತೆ. ಎದ್ದು ನಿಂತ್ಕಂಡು ಉತ್ತರ ಹೇಳಿ."